ಅಭಿವೃದ್ಧಿಗಾಗಿ ಭೂಸ್ವಾಧೀನ: ಸಿಂಗೂರು ಪ್ರಕರಣ

ಸಾರ್ವಜನಿಕ ಉದ್ದೇಶವಿದ್ದಲ್ಲಿ, ಮಾಲೀಕ ಒಪ್ಪದಿದ್ದರೂ ಪರಿಹಾರ ಕೊಟ್ಟು ಜಮೀನು ವಶಪಡಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕಿದೆ. ಖಾಸಗಿ ಕಾರ್ಖಾನೆಯೂ ಆ ಉದ್ದೇಶದೊಳಗೆ ಸೇರುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತದ ಮುಂದಿಟ್ಟದ್ದು ಪಶ್ಚಿಮ ಬಂಗಾಳದ ಹೂಗ್ಲಿ ಜಿಲ್ಲೆಯ ಸಿಂಗೂರು. 2006ರಲ್ಲಿ ಅಲ್ಲಿನ ಎಡರಂಗ ಸರ್ಕಾರ ಟಾಟಾ ಮೋಟಾರ್ಸ್‌ನ ನ್ಯಾನೊ ಕಾರು ಘಟಕಕ್ಕೆಂದು 1894ರ ಭೂಸ್ವಾಧೀನ ಕಾಯ್ದೆಯಡಿ 997 ಎಕರೆಯನ್ನು ಸ್ವಾಧೀನಪಡಿಸಿಕೊಂಡಿತು. ಅನೇಕರು ಪರಿಹಾರ ಪಡೆದರು. ಹಲವರು ಆ ಹಣ ಮುಟ್ಟಲಿಲ್ಲ. ಮಮತಾ ಬ್ಯಾನರ್ಜಿ ನೇತೃತ್ವದ ಹೋರಾಟ ಬಲಗೊಂಡಾಗ, 2008ರ ಅಕ್ಟೋಬರ್‌ನಲ್ಲಿ ಕಂಪನಿ ಸಿಂಗೂರನ್ನು ಬಿಟ್ಟು ಗುಜರಾತಿನ ಸಾನಂದಕ್ಕೆ ಹೋಯಿತು.

2016ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಈ ಸ್ವಾಧೀನವನ್ನು ರದ್ದುಪಡಿಸಿ, 12 ವಾರಗಳೊಳಗೆ ಭೂಮಿ ಹಿಂದಿರುಗಿಸಲು ಆದೇಶಿಸಿತು. ತೀರ್ಪಿನ ತಿರುಳಿರುವುದು ನ್ಯಾಯಮೂರ್ತಿಗಳ ಭಿನ್ನಾಭಿಪ್ರಾಯದಲ್ಲಿ. ಒಂದು ಕಂಪನಿಗಾಗಿ ಮಾಡಿದ ಈ ಸ್ವಾಧೀನ ಸಾರ್ವಜನಿಕ ಉದ್ದೇಶದ್ದಲ್ಲ ಎಂದವರು ಕರ್ನಾಟಕದವರಾದ ವಿ. ಗೋಪಾಲಗೌಡ, ಉದ್ಯೋಗ ಸೃಷ್ಟಿಸುವ ಕೈಗಾರಿಕೆಯೂ ಸಾರ್ವಜನಿಕ ಉದ್ದೇಶವೇ ಎಂದವರು ಅರುಣ್ ಮಿಶ್ರಾ. ರೈತರ ಆಕ್ಷೇಪಣೆಗಳ ವಿಚಾರಣೆ ಕಾನೂನಿನಂತೆ ನಡೆಯಲಿಲ್ಲ ಎಂಬುದರಲ್ಲಿ ಮಾತ್ರ ಇಬ್ಬರೂ ಒಂದಾದರು. ಅಂದರೆ, ಸಾರ್ವಜನಿಕ ಉದ್ದೇಶದ ಎಲ್ಲೆಯ ಬಗ್ಗೆ ನ್ಯಾಯಮೂರ್ತಿಗಳಲ್ಲೇ ಒಮ್ಮತವಿಲ್ಲದಿರುವಾಗ, ಸರ್ಕಾರ ಅದನ್ನು ಹಿಗ್ಗಿಸಲು ಅವಕಾಶ ಉಳಿಯುತ್ತದೆ. ರೈತನಿಗೆ ಗಟ್ಟಿ ಆಸರೆಯಾಗಿ ಉಳಿಯುವುದು ವಿಚಾರಣೆಯ ಹಕ್ಕು.

ರೈತರ ಮಾತು ಕೇಳುತ್ತಾ ಎಲ್ಲರ ಒಪ್ಪಿಗೆಗೆ ಕಾದರೆ ಯಾವ ಯೋಜನೆಯೂ ಮೇಲೇಳದು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ 2013ರ ಭೂಸ್ವಾಧೀನ ಕಾಯ್ದೆ ಎಲ್ಲರ ಒಪ್ಪಿಗೆಯನ್ನೇನೂ ಕೇಳುವುದಿಲ್ಲ. ಖಾಸಗಿ ಕಂಪನಿಗಾದರೆ ಶೇ 80, ಸರ್ಕಾರಿ–ಖಾಸಗಿ ಪಾಲುದಾರಿಕೆಗಾದರೆ ಶೇ 70ರಷ್ಟು ಬಾಧಿತ ಕುಟುಂಬಗಳು ಒಪ್ಪಿದರೆ ಸಾಕು. ಸಾಮಾಜಿಕ ಪರಿಣಾಮದ ಅಧ್ಯಯನವೂ ನಡೆಯಬೇಕು. ಇದರಿಂದ ಹೂಡಿಕೆ ಓಡಿಹೋಗುತ್ತದೆ ಎನ್ನುವವರಿಗೆ ಸಿಂಗೂರಿನ ಲೆಕ್ಕವೇ ಉತ್ತರ. ಆತುರದ ಸ್ವಾಧೀನದಿಂದ ಬಂಗಾಳ ಕಾರ್ಖಾನೆ ಕಳೆದುಕೊಂಡಿತು. ಟಾಟಾ ಮೋಟಾರ್ಸ್‌ಗೆ 765.78 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ಕೊಡುವಂತೆ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮಕ್ಕೆ 2023ರಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ ಆದೇಶಿಸಿತು.

ಕೇಂದ್ರದ ಕಾಯ್ದೆ ಹೀಗಿದ್ದರೂ ರಾಜ್ಯಗಳಿಗೆ ಬೇರೆ ದಾರಿಗಳಿವೆ. ಕರ್ನಾಟಕದಲ್ಲಿ ಕೈಗಾರಿಕೆಗೆ ಭೂಮಿ ಪಡೆಯಲು ಬಳಸುವ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ (ಕೆಐಎಡಿಬಿ) ಕಾಯ್ದೆಯಲ್ಲಿ ಒಪ್ಪಿಗೆಯ ಷರತ್ತಿಲ್ಲ. ದೇವನಹಳ್ಳಿ ತಾಲ್ಲೂಕಿನ 1,777 ಎಕರೆಯ ಸ್ವಾಧೀನ ಹೊರಟದ್ದು ಇದೇ ದಾರಿಯಲ್ಲಿ; ರೈತರ ದೀರ್ಘ ಧರಣಿಯ ನಂತರ, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವುದಾಗಿ ಘೋಷಿಸಿತು. ಒಪ್ಪಿಗೆಯ ನಿಯಮ ರಾಜ್ಯದ ಕಾಯ್ದೆಗಳಿಗೂ ಬರುವವರೆಗೆ 2013ರ ಸುಧಾರಣೆ ಅರ್ಧ ಸುಧಾರಣೆಯೇ.