ಕಡಲು ದಾಟಿ ಬಂದ ಚೆಂಡು ಹೂವು

ದಸರೆಯ ಹಿಂದಿನ ದಿನ ದಾದರ್ ಸ್ಟೇಷನ್ ಪಕ್ಕದ ಹೂವಿನ ಮಾರ್ಕೆಟ್ಟಿಗೆ ಹೋಗಿದ್ದೀರಾ? ಕಾಲಿಡಲು ಜಾಗವಿಲ್ಲದಷ್ಟು ಚೆಂಡು ಹೂವು! ಇಲ್ಲಿಯವರ ಬಾಯಲ್ಲಿ ಅದು ‘ಝೆಂಡೂ’. ಮೂವತ್ತು ವರ್ಷದಿಂದ ಮುಂಬಯಿಯ ಬಾಗಿಲಿಗೆ ಇದರದೇ ತೋರಣ ಕಟ್ಟುತ್ತಾ, ಇದು ನಮ್ಮೂರಿನದೇ ಹೂವು ಅಂದುಕೊಂಡಿದ್ದೆ. ಇದರ ತವರು ಮೆಕ್ಸಿಕೋ ಎಂದು ಓದಿದಾಗ ಪೆಚ್ಚಾದೆ.

ಅಲ್ಲಿನ ಅಜ್ಟೆಕ್ ಜನರ ಭಾಷೆಯಲ್ಲಿ ಇದರ ಹೆಸರಿಗೆ ‘ಇಪ್ಪತ್ತು ಹೂವು’ ಎಂದರ್ಥ. ಒಂದೇ ಹೂವಿನಲ್ಲಿ ಅಷ್ಟೊಂದು ಎಸಳು ಅಂತ. 1521ರಲ್ಲಿ ಅವರ ರಾಜಧಾನಿ ಸ್ಪೇನಿನವರ ಪಾಲಾಯಿತು. 1552ರಲ್ಲಿ ಮಾರ್ಟಿನ್ ದೆ ಲಾ ಕ್ರೂಸ್ ಎಂಬ ಅಲ್ಲಿಯ ನಾಟಿ ವೈದ್ಯ ಹೇಳಿದ ಮದ್ದುಗಳನ್ನು ಹುವಾನ್ ಬಾಡಿಯಾನೋ ಲ್ಯಾಟಿನ್ನಿಗೆ ಇಳಿಸಿದ. ಅದರಲ್ಲಿ ಈ ಹೂವು ಸಿಡಿಲು ಬಡಿದವರಿಗೆ ಮದ್ದು, ನೀರು ದಾಟುವವರಿಗೆ ರಕ್ಷೆ.

ಈಗಲೂ ನವೆಂಬರ್ 1 ಮತ್ತು 2ರಂದು ಮೆಕ್ಸಿಕೋದವರು ಬಾಗಿಲಿನಿಂದ ಪೂಜೆಯ ಪೀಠದವರೆಗೆ ಇದರ ಎಸಳು ಚೆಲ್ಲಿ ದಾರಿ ಮಾಡುತ್ತಾರೆ. ಆ ಬಣ್ಣ, ಆ ಘಾಟು ವಾಸನೆಯ ಜಾಡು ಹಿಡಿದು ತೀರಿಕೊಂಡ ಹಿರಿಯರು ಮನೆಗೆ ಬರುತ್ತಾರೆಂಬ ನಂಬಿಕೆ. ನಮ್ಮ ಮಹಾಲಯ ಅಮಾವಾಸ್ಯೆಯ ಎಡೆ ನೆನಪಾಗಲಿಲ್ಲವೇ?

ನೀರು ದಾಟಿಸುವ ಹೂವು ತಾನೇ ಕಡಲು ದಾಟಿತು. ಪೋರ್ಚುಗೀಸರ ಹಡಗಿನಲ್ಲಿ ಬಂತು ಎನ್ನುತ್ತಾರೆ. 16ನೇ ಶತಮಾನಕ್ಕೆ ಮೊದಲು ನಮ್ಮ ಯಾವ ಬಾಗಿಲಿಗೂ ಇದರ ತೋರಣವಿರಲಿಲ್ಲ. ಇವತ್ತು ಇದಿಲ್ಲದೆ ದಸರೆಯೇ ಇಲ್ಲ.

“ನೀವು ಹೊರಗಿನವರಲ್ಲವೇ?” ಅಂತ ಈ ಊರಿನಲ್ಲಿ ನನ್ನನ್ನೂ ಕೇಳಿದ್ದಾರೆ. ಮುಂದಿನ ಸಲ ಕೇಳಿದರೆ, ಅವರದೇ ಬಾಗಿಲಿನ ತೋರಣ ತೋರಿಸಬೇಕು ಅಂದುಕೊಂಡಿದ್ದೇನೆ.