31 ಸೆಂಟಿನ ಖಾತೆ



ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕೊನೆಗೊಂಡಿತು. ಬಿಡುಗಡೆ ಹೊಂದಿದವರ ಕೈಗೆ ಮಾತ್ರ ಭೂಮಿಯಾಗಲಿ ಬಂಡವಾಳವಾಗಲಿ ಬರಲಿಲ್ಲ. ತಲೆಮಾರುಗಳ ದುಡಿಮೆಯ ಫಲವೆಲ್ಲ ಯಜಮಾನರ ಮನೆ ಸೇರಿತ್ತು. ಅಲ್ಲಿನ ಬಿಳಿಯರ ಮತ್ತು ಕರಿಯರ ಆಸ್ತಿಯ ನಡುವೆ ಇಂದಿಗೂ ಇರುವ ಅಂತರದ ಬೇರು ಅಲ್ಲಿದೆ.

ಅದೇ ವರ್ಷ ಅವರ ಉಳಿತಾಯಕ್ಕೆಂದು ಸರಕಾರದ ಸನ್ನದು ಪಡೆದ ಫ್ರೀಡ್‌ಮನ್ಸ್ ಬ್ಯಾಂಕು ಶುರುವಾಯಿತು. ಆಡಳಿತ ನಡೆಸುತ್ತಿದ್ದವರು ಬಡವರ ಹಣವನ್ನು ಬೇಕಾಬಿಟ್ಟಿ ಸಾಲಗಳಿಗೆ ಸುರಿದರು. 1874ರಲ್ಲಿ ಬಾಗಿಲು ಮುಚ್ಚಿದಾಗ 61,000ಕ್ಕೂ ಹೆಚ್ಚು ಜನರ ಸುಮಾರು 30 ಲಕ್ಷ ಡಾಲರ್ ಸಿಕ್ಕಿಹಾಕಿಕೊಂಡಿತು. ಅಮಾನತ್ತಿಗೆ ದ್ರೋಹವಾದರೆ ಹಣದ ಜೊತೆಗೆ ನಂಬಿಕೆಯೂ ಮುಳುಗುತ್ತದೆ.

ಆ ನಂಬಿಕೆಯನ್ನು ಮತ್ತೆ ಕಟ್ಟಿದವರಲ್ಲಿ ವರ್ಜೀನಿಯಾದ ರಿಚ್ಮಂಡ್ ನಗರದ ಮ್ಯಾಗಿ ವಾಕರ್ ಒಬ್ಬರು. ಅವರ ತಾಯಿ ಹಿಂದೆ ಗುಲಾಮಳಾಗಿದ್ದವರು, ಮುಂದೆ ಬಟ್ಟೆ ಒಗೆದು ಮಕ್ಕಳನ್ನು ಸಾಕಿದವರು. ರೋಗಿಗಳ ಆರೈಕೆಗೂ ಸತ್ತವರ ಅಂತ್ಯಕ್ರಿಯೆಗೂ ನೆರವಾಗುತ್ತಿದ್ದ ಸೇಂಟ್ ಲ್ಯೂಕ್ ಎಂಬ ಸಂಘದ ಹೊಣೆಯನ್ನು ಮ್ಯಾಗಿ 1899ರಲ್ಲಿ ಹೊತ್ತಾಗ ಖಜಾನೆಯಲ್ಲಿ ಇದ್ದದ್ದು 31 ಡಾಲರ್ 61 ಸೆಂಟ್. 1903ರ ನವೆಂಬರಿನಲ್ಲಿ ಅದೇ ಸಂಘ ಪೆನ್ನಿ ಸೇವಿಂಗ್ಸ್ ಬ್ಯಾಂಕು ತೆರೆಯಿತು. ಮೊದಲ ದಿನವೇ 9,000 ಡಾಲರಿಗೂ ಹೆಚ್ಚು ಜಮೆಯಾಯಿತು. ಒಬ್ಬರು ಇಟ್ಟದ್ದು ಬರೀ 31 ಸೆಂಟ್. ಆ ಖಾತೆಯನ್ನೂ ತೆರೆದುಕೊಟ್ಟರು.

ಬಡ್ಡಿಯ ವಿಷಯದಲ್ಲಿ ನಮ್ಮ ದಾರಿ ಬೇರೆ. ಇಲ್ಲಿ ನಾವು ಗಮನಿಸಬೇಕಾದದ್ದು ಹಣ ಹರಿದ ದಿಕ್ಕನ್ನು. ಬಟ್ಟೆ ಒಗೆಯುವವರು, ಮನೆಗೆಲಸದವರು ಕೂಡಿಟ್ಟದ್ದು ಅವರದೇ ಕೇರಿಯಲ್ಲಿ ಮನೆಗಳಾಗಿ ನಿಂತಿತು. 1920ರ ದಶಕದ ಹೊತ್ತಿಗೆ ಈ ಬ್ಯಾಂಕಿನ ನೆರವಿನಿಂದ 600ಕ್ಕೂ ಹೆಚ್ಚು ಕುಟುಂಬಗಳು ಸ್ವಂತ ಮನೆ ಕೊಂಡಿದ್ದವು. ಬಾಡಿಗೆಯಾಗಿ ಹೊರಗೆ ಹೋಗುತ್ತಿದ್ದ ಹಣ ಮಕ್ಕಳಿಗೆ ಉಳಿಯುವ ಆಸ್ತಿಯಾಯಿತು. 1930ರ ಸುಮಾರಿಗೆ ಆರ್ಥಿಕ ಕುಸಿತದ ಹೊತ್ತಿನಲ್ಲಿ ಇದು ನಗರದ ಕರಿಯರ ಇತರ ಬ್ಯಾಂಕುಗಳೊಂದಿಗೆ ಒಂದಾಗಿ ಉಳಿದುಕೊಂಡಿತು.

ಎಲ್ಲವೂ ಗೆಲುವಾಗಿರಲಿಲ್ಲ. ಸಂಘ 1905ರಲ್ಲಿ ತೆರೆದ ಅಂಗಡಿಗೆ ಬಿಳಿಯ ವ್ಯಾಪಾರಿಗಳು ಒಟ್ಟಾಗಿ ಅಡ್ಡಗಾಲು ಹಾಕಿದರು. 1911ರಲ್ಲಿ ಅದು ಮುಚ್ಚಿತು. 1930ರ ದಶಕದಲ್ಲಿ ಸರಕಾರಿ ಗೃಹಸಾಲ ಸಂಸ್ಥೆ ನಕ್ಷೆ ಬರೆದು, ಕರಿಯರ ಕೇರಿಗಳಿಗೆ ಕೆಂಪು ಬಣ್ಣ ಬಳಿದು, ಅವು ಸಾಲಕ್ಕೆ ಅಪಾಯಕಾರಿ ಎಂದಿತು. ಮ್ಯಾಗಿ ವಾಸವಿದ್ದ ಜಾಕ್ಸನ್ ವಾರ್ಡ್ ಕೂಡ ಅದರಲ್ಲಿತ್ತು. 1950ರ ದಶಕದಲ್ಲಿ ಅದೇ ಕೇರಿಯನ್ನು ಸೀಳಿಕೊಂಡು ಹೆದ್ದಾರಿ ಹಾದುಹೋಯಿತು. ನೂರಾರು ಮನೆಗಳು ಉರುಳಿದವು.

ಹಾಗಾದರೆ ಆ ಸಣ್ಣ ಉಳಿತಾಯ ವ್ಯರ್ಥವಾಯಿತೇ? ಇಲ್ಲ. ಆ ಬ್ಯಾಂಕು ನೂರು ವರ್ಷ ದಾಟಿ ಬಾಳಿತು. ಆದರೆ ಜನರು ಪೈಸೆ ಪೈಸೆ ಕೂಡಿಸಿ ಕಟ್ಟಿದ್ದನ್ನು ಸರಕಾರದ ಒಂದು ಗೆರೆ ಕೆಡವಬಲ್ಲದು ಎಂಬುದನ್ನೂ ಈ ಚರಿತ್ರೆ ಹೇಳುತ್ತದೆ. ಕೇರಿಯ ಜನ ಒಂದು ಕೈಯಲ್ಲಿ ಉಳಿತಾಯದ ಪುಸ್ತಕ ಹಿಡಿದರೆ ಇನ್ನೊಂದು ಕೈಯಲ್ಲಿ ಹಕ್ಕಿನ ಅರ್ಜಿ ಹಿಡಿಯಲೇಬೇಕು. ಸಮುದಾಯದ ನಿಧಿ ನಡೆಸುವ ನಾವೆಲ್ಲರೂ 31 ಸೆಂಟ್ ಇಟ್ಟವನಿಗೂ ಪೂರ್ತಿ ಲೆಕ್ಕ ಒಪ್ಪಿಸಬೇಕಾದವರು.