ಓಹಾಯ್: ಮರಗಳಡಿಯ ಕಛೇರಿಯ ಊರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸಿನಿಂದ ವಾಯವ್ಯಕ್ಕೆ ಸುಮಾರು 130 ಕಿಲೋಮೀಟರ್ ದೂರದ ಕಣಿವೆಯೊಂದರಲ್ಲಿ ಓಹಾಯ್ ಇದೆ. ವೆಂಚುರಾ ಜಿಲ್ಲೆಗೆ ಸೇರಿದ ಊರು. 2020ರ ಜನಗಣತಿಯಂತೆ ಜನಸಂಖ್ಯೆ 7,637. ಸಮುದ್ರಮಟ್ಟದಿಂದ ಎತ್ತರ 227 ಮೀಟರ್. ವಿಸ್ತೀರ್ಣ ಹನ್ನೊಂದು ಚದರ ಕಿಲೋಮೀಟರಿನ ಆಸುಪಾಸು. ಕಿತ್ತಳೆ ಮತ್ತು ಬೆಣ್ಣೆಹಣ್ಣಿನ ತೋಟಗಳು ಊರಿನ ಅಂಚಿನವರೆಗೂ ಬಂದಿವೆ. ಆ ಕರಾವಳಿಯ ಎಷ್ಟೋ ಕಣಿವೆಗಳಿಗಿಂತ ಬೇರೆಯಾಗಿ ಈ ಕಣಿವೆ ಪೂರ್ವ ಪಶ್ಚಿಮವಾಗಿ ಮಲಗಿದೆ. ಹೀಗಾಗಿ ಸಂಜೆಯ ಇಳಿಬಿಸಿಲು ಕಣಿವೆಯುದ್ದಕ್ಕೂ ಹರಿದು ಟೋಪಾಟೋಪಾ ಬೆಟ್ಟದ ಬಂಡೆಗಳಿಗೆ ನೇರ ತಾಗುತ್ತದೆ, ಕೆಲವು ನಿಮಿಷ ಬಂಡೆಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಊರಿನ ಹೆಮ್ಮೆಗಳಲ್ಲಿ ಅದು ಒಂದು. ಇನ್ನೊಂದು, ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಡುವೂರಿನ ಉದ್ಯಾನದಲ್ಲಿ, ಮರಗಳಡಿಯ ಬಯಲಲ್ಲಿ ನಡೆಯುವ ಸಂಗೀತೋತ್ಸವ.

ಮೊದಲಿಂದ ಈ ಕಣಿವೆಯಲ್ಲಿದ್ದವರು ಚುಮಾಶ್ ಜನ. ಊರಿನ ಹೆಸರು ಅವರ ಭಾಷೆಯಿಂದಲೇ ಬಂದದ್ದು. ಉದ್ಯಾನದಲ್ಲಿ ಬಾಗಿ ಬೆಳೆದಿದ್ದ ಹಳೆಯ ಸಿಕಮೋರ್ ಮರವೊಂದರ ವಿಷಯವಾಗಿ ಒಂದು ಐತಿಹ್ಯ ಹೇಳುತ್ತಾರೆ: ಅದು ಎಳೆಯದಿದ್ದಾಗ ಚುಮಾಶರೇ ಅದನ್ನು ಬಗ್ಗಿಸಿ ಗುರುತು ಮಾಡಿದ್ದರಂತೆ, ಅದರಡಿ ಮದುವೆಗಳನ್ನೂ ರಾಜಿ ಪಂಚಾಯಿತಿಗಳನ್ನೂ ನಡೆಸುತ್ತಿದ್ದರಂತೆ. ಇಂಥ ಮಾತಿಗೆ ಕಾಗದದ ದಾಖಲೆ ಕೇಳಿ ಪ್ರಯೋಜನವಿಲ್ಲ. ಆದರೆ ಜನ ಸೇರುವುದಕ್ಕೆಂದೇ ಇರುವ ಜಾಗ ಇದು ಎಂಬ ಭಾವನೆ ಉದ್ಯಾನಕ್ಕಿಂತ ಹಳೆಯದು ಎಂಬುದನ್ನು ಐತಿಹ್ಯ ತೋರಿಸುತ್ತದೆ.

ಈಗಿನ ಊರನ್ನು 1874ರಲ್ಲಿ ಅಳೆದು ಕಟ್ಟಿದಾಗ ಅದಕ್ಕಿಟ್ಟ ಹೆಸರು ನಾರ್ಡಾಫ್. ಕ್ಯಾಲಿಫೋರ್ನಿಯಾದ ಹವೆಯನ್ನು ಹೊಗಳಿ ಪುಸ್ತಕ ಬರೆದು, ಪೂರ್ವದ ಜನ ಅತ್ತ ಮುಖ ಮಾಡುವಂತೆ ಮಾಡಿದ್ದ ಪತ್ರಕರ್ತ ಚಾರ್ಲ್ಸ್ ನಾರ್ಡಾಫ್ ಅವರ ಗೌರವಕ್ಕೆ ಇಟ್ಟದ್ದು. ನಾರ್ಡಾಫ್ ಪ್ರಷ್ಯಾದಲ್ಲಿ ಹುಟ್ಟಿದವರು. 1917ರಲ್ಲಿ ಹೆಸರು ಓಹಾಯ್ ಎಂದಾಯಿತು. ಇಲ್ಲಿಂದಲೇ ಊರ ಚರಿತ್ರೆಯ ತಕರಾರು ಶುರು.

ಪ್ರವಾಸಿ ಪುಸ್ತಕಗಳಲ್ಲಿ ಎರಡು ಕತೆಗಳು ಓಡಾಡುತ್ತವೆ. ಮೊದಲ ಮಹಾಯುದ್ಧದ ಬಿಸಿಯಲ್ಲಿ ಜರ್ಮನ್ ಹೆಸರು ಬೇಡವೆಂದು ಜನ ಅದನ್ನು ಕಿತ್ತೆಸೆದರು ಎಂಬುದು ಒಂದು. ಪೇಟೆ ಬೆಂಕಿಗೆ ಆಹುತಿಯಾಯಿತು, ಎಡ್ವರ್ಡ್ ಡ್ರಮಂಡ್ ಲಿಬ್ಬಿ ಎಂಬ ಧನಿಕರು ಬೂದಿಯ ಮೇಲೆ ಹೊಸ ಪೇಟೆ ಕಟ್ಟಿಸಿದರು ಎಂಬುದು ಇನ್ನೊಂದು. ಎರಡೂ ಕೇಳಲು ಸೊಗಸಾಗಿವೆ, ತಾರೀಖುಗಳ ಮುಂದೆ ಮಾತ್ರ ಎರಡೂ ನಿಲ್ಲುವುದು ಕಷ್ಟ. ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿದ್ದು 1917ರ ಏಪ್ರಿಲ್ 6ರಂದು. ಮರುದಿನ, ಏಪ್ರಿಲ್ 7ರಂದು, ಹೊಸ ಕಮಾನುಸಾಲು ಮತ್ತು ಉದ್ಯಾನದ ಸಂತೋಷಕ್ಕೆ ಊರು ಮೊದಲ ‘ಓಹಾಯ್ ದಿನ’ ಆಚರಿಸಿತು. ಒಂದು ರಾತ್ರಿಯಲ್ಲಿ ಹೆಸರೂ ಬದಲಾಗದು, ಕಮಾನುಗಳೂ ಏಳವು. ಆ ವರ್ಷದ ದೊಡ್ಡ ಬೆಂಕಿಗಳು ಬಿದ್ದದ್ದು ಏಪ್ರಿಲ್ ಕಳೆದ ಮೇಲೆ. ಜರ್ಮನಿಯ ಮೇಲಿನ ಸಿಟ್ಟು ಅದಕ್ಕೆ ಮುಂಚಿನಿಂದಲೂ ಏರುತ್ತಿತ್ತು ಎಂಬುದು ನಿಜ, ಅದರ ಗಾಳಿ ಸೋಕಿರಲಿಕ್ಕಿಲ್ಲ ಎನ್ನಲಾಗದು. ಆದರೆ ಊರಿನ ಹೈಸ್ಕೂಲು ನಾರ್ಡಾಫ್ ಎಂಬ ಹೆಸರನ್ನು ಯುದ್ಧದ ಆಚೆಗೂ ಉಳಿಸಿಕೊಂಡಿತು. ಹೆಸರೇ ಅಷ್ಟು ಚುಚ್ಚುತ್ತಿದ್ದರೆ ಶಾಲೆಯ ಫಲಕವೂ ಇಳಿಯಬೇಕಿತ್ತು. ಸ್ಪ್ಯಾನಿಷ್ ಶೈಲಿಯಲ್ಲಿ ಹೊಸ ರೂಪ ತಳೆಯುತ್ತಿದ್ದ ಪೇಟೆಗೆ ನಾರ್ಡಾಫ್ ಎಂಬ ಹೆಸರು ಹೊಂದುತ್ತಿರಲಿಲ್ಲ ಎಂಬ ವಿವರಣೆಯೇ ಹೆಚ್ಚು ಸಮಂಜಸ.

ಲಿಬ್ಬಿ ಒಹಾಯೊ ರಾಜ್ಯದ ಟೊಲೀಡೊ ನಗರದ ಗಾಜಿನ ಉದ್ಯಮಿ. ಅಲ್ಲಿಯ ಕಲಾ ಸಂಗ್ರಹಾಲಯದ ಸ್ಥಾಪಕರೂ ಹೌದು. ಚಳಿಗಾಲ ಕಳೆಯಲು ಓಹಾಯ್‌ಗೆ ಬರುತ್ತಿದ್ದವರಿಗೆ ಮರದ ಹಲಗೆಯ ಅಂಗಡಿಸಾಲು ಕಣ್ಣಿಗೆ ಹಿಡಿಸಲಿಲ್ಲ. ಸ್ಯಾನ್ ಡಿಯೇಗೊದ ವಾಸ್ತುಶಿಲ್ಪಿಗಳಾದ ಫ್ರಾಂಕ್ ಮೀಡ್ ಮತ್ತು ರಿಚರ್ಡ್ ರೆಕ್ವಾ ಅವರನ್ನು ಕರೆಸಿ ಅಂಗಡಿಗಳ ಮುಂದೆ ಕಮಾನುಸಾಲು, ಎದುರಿಗೆ ಗಂಟೆಗೋಪುರವಿರುವ ಅಂಚೆ ಕಚೇರಿ, ಅದರ ಪಕ್ಕ ಬಳ್ಳಿಮಂಟಪದ ಬಾಗಿಲುಳ್ಳ ಉದ್ಯಾನ, ಇಷ್ಟನ್ನೂ ಕಟ್ಟಿಸಿದರು. ಆ ಏಪ್ರಿಲ್ ಹಬ್ಬಕ್ಕೆ ‘ಲಿಬ್ಬಿ ದಿನ’ ಎಂದು ಹೆಸರಿಡಲು ಊರವರು ಹೊರಟಾಗ ಅವರು ಒಪ್ಪದೆ ಊರಿನ ಹೆಸರನ್ನೇ ಇಡಿಸಿದರು. 1925ರಲ್ಲಿ ಅವರು ತೀರಿಕೊಂಡರು. ಬದುಕಿದ್ದಾಗ ಬೇಡವೆಂದ ಗೌರವವನ್ನು ಊರು ಆಮೇಲೆ ಬಡ್ಡಿ ಸಮೇತ ಸಲ್ಲಿಸಿದೆ: ಉದ್ಯಾನ ಈಗ ಲಿಬ್ಬಿ ಪಾರ್ಕ್, ಅದರೊಳಗಿನ ಬಯಲು ರಂಗ ಲಿಬ್ಬಿ ಬೌಲ್.

ಭಾರತೀಯರಿಗೆ ಓಹಾಯ್ ಪರಿಚಿತವಾದದ್ದು ಬೇರೆ ದಾರಿಯಿಂದ. ಜಿಡ್ಡು ಕೃಷ್ಣಮೂರ್ತಿ 1922ರಲ್ಲಿ, ಕ್ಷಯದಿಂದ ನರಳುತ್ತಿದ್ದ ತಮ್ಮ ನಿತ್ಯಾನಂದರಿಗೆ ಒಣಹವೆ ಸಿಗಲೆಂದು ಇಲ್ಲಿಗೆ ಬಂದರು. 1925ರ ನವೆಂಬರಿನಲ್ಲಿ ತಮ್ಮ ಇಲ್ಲಿಯೇ ತೀರಿಕೊಂಡರು; ಕೃಷ್ಣಮೂರ್ತಿಯವರೂ 1986ರ ಫೆಬ್ರವರಿ 17ರಂದು ಇದೇ ಊರಲ್ಲಿ ಕೊನೆಯುಸಿರೆಳೆದರು. ಊರ ಪಶ್ಚಿಮದ ಓಕ್ ತೋಪಿನಲ್ಲಿ 1928ರಿಂದ 1985ರವರೆಗೆ, ನಡುನಡುವೆ ಬಿಟ್ಟು, ಅವರ ಉಪನ್ಯಾಸಗಳು ನಡೆದವು. ಸಂಗೀತೋತ್ಸವಕ್ಕೂ ಅವರಿಗೂ ನೇರ ಸಂಬಂಧ ಹೇಳುವಂತಿಲ್ಲ. ಆದರೂ ದೂರದಿಂದ ಬಂದು ಮರದ ನೆರಳಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂತು ಕೇಳುವ ಜನರನ್ನು ಈ ಊರು ಉತ್ಸವಕ್ಕೆ ಮುಂಚೆಯೇ ಕಂಡಿತ್ತು.

ಉತ್ಸವ ಹುಟ್ಟಿದ್ದು 1947ರಲ್ಲಿ. ಜಾನ್ ಬಾವರ್ ಎಂಬವರು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಉತ್ಸವದಂಥದ್ದನ್ನು ಕಿತ್ತಳೆ ತೋಟಗಳ ನಡುವೆ ಕಟ್ಟುವ ಕನಸು ಕಂಡು ಆರಂಭಿಸಿದರು. ಮೊದಲ ಕಛೇರಿಗಳು ಬಯಲಲ್ಲಿ ನಡೆಯಲಿಲ್ಲ. ಅದೇ ನಾರ್ಡಾಫ್ ಹೈಸ್ಕೂಲಿನ ಸಭಾಂಗಣದಲ್ಲಿ ನಡೆದವು. ಉದ್ಯಾನಕ್ಕೆ ಬಂದದ್ದು 1950ರ ದಶಕದಲ್ಲಿ. 1957ರಲ್ಲಿ ಮರದ ಕಮಾನು ಚಾವಣಿಯ ವೇದಿಕೆ ಎದ್ದಿತು. ಅದರ ಮುಂದೆ ಬೆಂಚುಗಳ ಸಾಲು, ಬೆಂಚುಗಳ ಹಿಂದೆ ಏರುವ ಹುಲ್ಲುಹಾಸು, ಎಲ್ಲದರ ಮೇಲೆ ಓಕ್ ಮತ್ತು ಸಿಕಮೋರ್ ಮರಗಳ ಕೊಂಬೆ.

ಉತ್ಸವಕ್ಕೆ ಅದರದೇ ಆದ ಚಹರೆ ಕೊಟ್ಟವರು 1954ರಿಂದ ಅದರ ಕಲಾ ನಿರ್ದೇಶಕರಾದ ಲಾರೆನ್ಸ್ ಮಾರ್ಟನ್. ಜನ ಕೇಳಿ ಕೇಳಿ ಪಳಗಿದ ಕೃತಿಗಳನ್ನೇ ನುಡಿಸಿ ಕಳುಹಿಸುವುದು ಅವರಿಗೆ ಬೇಕಿರಲಿಲ್ಲ. ಬದುಕಿರುವ ಸಂಗೀತಕಾರರ ಹೊಸ ರಚನೆಗಳು ಬೇಕಿದ್ದವು. ಇಗೊರ್ ಸ್ಟ್ರಾವಿನ್ಸ್ಕಿ 1955 ಮತ್ತು 1956ರಲ್ಲಿ ಇಲ್ಲಿ ವಾದ್ಯವೃಂದ ನಿರ್ದೇಶಿಸಿದರು. ಮುಂದಿನ ಎರಡು ವರ್ಷ ಏರನ್ ಕೋಪ್‌ಲೆಂಡ್ ಬಂದರು. ಫ್ರಾನ್ಸಿನ ಪಿಯರ್ ಬೂಲೆಜ್ 1967ರಲ್ಲಿ ಮೊದಲ ಸಲ ಬಂದವರು 2003ರೊಳಗೆ ಏಳು ಉತ್ಸವಗಳ ಸಂಗೀತ ನಿರ್ದೇಶಕರಾಗಿದ್ದರು. ಹಕ್ಕಿಗಳ ದನಿಯನ್ನು ಸ್ವರಕ್ಕೆ ಇಳಿಸುವುದರಲ್ಲೇ ಬದುಕು ಸವೆಸಿದ ಒಲಿವಿಯೆ ಮೆಸ್ಸಿಯಾನ್ 1985ರಲ್ಲಿ ಇಲ್ಲಿಗೆ ಅತಿಥಿಯಾಗಿ ಬಂದಿದ್ದರು. ಮಹಾನಗರಗಳ ಸಭಾಂಗಣಗಳೇ ಹಿಂಜರಿಯುತ್ತಿದ್ದ ಸಂಗೀತ ಏಳೆಂಟು ಸಾವಿರ ಜನರ ಊರಿನಲ್ಲಿ ನೆಲೆ ಕಂಡಿತು. ಇದಕ್ಕೆ ಒಂದು ಕಾರಣ ಸಂಗೀತ ನಿರ್ದೇಶಕರನ್ನು ವರ್ಷವರ್ಷವೂ ಬದಲಿಸುವ ಪದ್ಧತಿ. ಯಾರ ಅಭಿರುಚಿಯೂ ಇಲ್ಲಿ ಬೇರು ಬಿಟ್ಟು ಕೂರುವುದಿಲ್ಲ.

ಬಯಲ ಕಛೇರಿಯೆಂದ ಮೇಲೆ ಬಯಲ ಸದ್ದನ್ನೂ ಕೇಳಲೇಬೇಕು. ಹಕ್ಕಿ, ಜೀರುಂಡೆ, ಅಂಚೆ ಗೋಪುರದ ಗಂಟೆ, ಪಕ್ಕದಲ್ಲಿ ಆಡುವ ಮಕ್ಕಳ ಕೂಗು, ಹೆದ್ದಾರಿಯಲ್ಲಿ ಗುಡುಗುತ್ತ ಹೋಗುವ ಮೋಟಾರ್ ಸೈಕಲ್ಲು. ಬೆಂಗಳೂರಿನ ರಾಮನವಮಿ ಚಪ್ಪರದಲ್ಲಿ ಕೂತು ಆಲಾಪನೆಯ ನಡುವೆ ಬಸ್ಸಿನ ಹಾರನ್ ಕೇಳಿದವರಿಗೆ ಇದು ಹೊಸತೆನಿಸದು. ಈ ಸದ್ದುಗಳನ್ನು ಸಹಿಸಿಕೊಂಡವರಿದ್ದಾರೆ, ಬಳಸಿಕೊಂಡವರೂ ಇದ್ದಾರೆ. ಜಾನ್ ಲೂಥರ್ ಆಡಮ್ಸ್ ಅವರ ‘ಇನುಕ್ಸುಯಿಟ್’ ತಾಳವಾದ್ಯಗಳಿಗೆಂದೇ, ಅದೂ ಬಯಲಿಗೆಂದೇ ರಚಿಸಿದ ಕೃತಿ. 2012ರಲ್ಲಿ ಅದನ್ನು ವೇದಿಕೆ ಬಿಟ್ಟು ಇಡೀ ಉದ್ಯಾನದಲ್ಲಿ ನುಡಿಸಿದರು. ವಾದಕರು ಮರಗಳ ನಡುವೆ ಚದುರಿದ್ದರು, ಕೇಳುಗರು ಅವರ ನಡುವೆ ಅಡ್ಡಾಡುತ್ತ ಕೇಳಿದರು.

ಇಷ್ಟೆಲ್ಲ ವೈಭವದ ಅಡಿಯಲ್ಲಿ 1957ರ ಮರ ಮಾತ್ರ ಸದ್ದಿಲ್ಲದೆ ಕುಸಿಯುತ್ತಿತ್ತು. ತೊಲೆಗಳಿಗೆ ಗೆದ್ದಲು ಹತ್ತಿತ್ತು, ಚಾವಣಿ ಕೊಳೆತಿತ್ತು, ಬೆಂಚುಗಳು ಕೂತವರ ಬೆನ್ನು ಪರೀಕ್ಷಿಸುತ್ತಿದ್ದವು. ದೊಡ್ಡ ವಾದ್ಯವೃಂದಕ್ಕೆ ವೇದಿಕೆ ಸಾಲುತ್ತಿರಲಿಲ್ಲ. ಸ್ಟ್ರಾವಿನ್ಸ್ಕಿ, ಬೂಲೆಜ್ ಅವರ ಊರೆಂದು ಹೆಮ್ಮೆಪಟ್ಟುಕೊಳ್ಳುವಾಗ ಇದ್ದ ಉತ್ಸಾಹ ರಿಪೇರಿಯ ಲೆಕ್ಕ ಮುಂದೆ ಬಂದಾಗ ಇರುವುದಿಲ್ಲ, ಇದು ಎಲ್ಲ ಊರಿನ ಪಾಡು. ತೇಪೆ ಹಾಕುತ್ತ ವರ್ಷಗಳು ಹೋದವು. ಕಡೆಗೆ ಹೊರಬಿದ್ದ ತೀರ್ಮಾನ ಉಳಿಸುವುದರ ಬಗ್ಗೆ ಇರುವ ಸಾಮಾನ್ಯ ಕಲ್ಪನೆಗೆ ಒಗ್ಗುವಂಥದ್ದಲ್ಲ: ಬೌಲನ್ನು ಉಳಿಸಬೇಕಾದರೆ ಬೌಲನ್ನು ಕೆಡವಬೇಕು.

ಊರಿಗೆ ಇದರ ಅನುಭವ ಇಲ್ಲದಿರಲಿಲ್ಲ. ಲಿಬ್ಬಿ ಕಟ್ಟಿಸಿದ್ದ ಬಳ್ಳಿಮಂಟಪ ಹಾಳಾಗಿ 1970ರ ದಶಕದ ಆರಂಭದಲ್ಲಿ ನೆಲಸಮವಾಗಿತ್ತು. ಉದ್ಯಾನದ ಮುಖವೇ ಬೋಳಾಯಿತೆಂದು ಕಾಲು ಶತಮಾನಕ್ಕೂ ಹೆಚ್ಚು ಕಾಲ ಕೊರಗಿದ ಊರು 1990ರ ದಶಕದ ಕೊನೆಗೆ ಅದನ್ನು ಹಳೆಯ ರೂಪದಲ್ಲೇ ಮತ್ತೆ ಕಟ್ಟಿಸಿತು. ಇಂದು ಪ್ರವಾಸಿಗರು ನಿಂತು ಫೋಟೊ ತೆಗೆಸಿಕೊಳ್ಳುವ ಬಳ್ಳಿಮಂಟಪ 1917ರದ್ದಲ್ಲ. ಆ ಅಂತರದಲ್ಲಿ ಬೆಳೆದ ಮಕ್ಕಳು ಬಳ್ಳಿಮಂಟಪವಿಲ್ಲದ ಉದ್ಯಾನವನ್ನೇ ಉದ್ಯಾನವೆಂದುಕೊಂಡಿದ್ದರು. ಬೌಲಿನ ವಿಷಯದಲ್ಲಿ ಅಂಥ ಅಂತರ ಬಿಡಬಾರದೆಂಬ ಎಚ್ಚರ ಇತ್ತು. 2010ರ ಜೂನ್ ಉತ್ಸವ ಹಳೆಯ ವೇದಿಕೆಯಲ್ಲೇ ನಡೆಯಿತು. ಅದು ಮುಗಿದ ಮೇಲೆ ವೇದಿಕೆಯನ್ನು ಕೆಡವಿದರು. 2011ರ ಜೂನ್ ಹೊತ್ತಿಗೆ ಹೊಸದು ಸಿದ್ಧವಾಗಿತ್ತು. ಒಂದು ಬೇಸಿಗೆಯೂ ತಪ್ಪಲಿಲ್ಲ.

ನಕ್ಷೆ ಸ್ಥಳೀಯ ವಾಸ್ತುಶಿಲ್ಪಿ ಡೇವಿಡ್ ಬರಿ ಅವರದು. ಖರ್ಚು ಬಂದದ್ದು ನಲವತ್ತು ಲಕ್ಷ ಡಾಲರಿನ ಹತ್ತಿರ. ಅದರಲ್ಲಿ ದೇಣಿಗೆಯ ಪಾಲು ದೊಡ್ಡದು. ಹೊಸ ವೇದಿಕೆ ಹಳೆಯದಕ್ಕಿಂತ ವಿಶಾಲ, ಕಲಾವಿದರಿಗೆ ಹಿಂದುಗಡೆ ಕೋಣೆಗಳಿವೆ, ಧ್ವನಿ ವ್ಯವಸ್ಥೆ ಬದಲಾಯಿತು, ಬೆಂಚುಗಳ ಜಾಗಕ್ಕೆ ಬೆನ್ನಿಗೆ ಆಸರೆಯುಳ್ಳ ಆಸನಗಳು ಬಂದವು. ಆದರೆ ಕಮಾನಿನ ಗೆರೆ ಹಳೆಯದನ್ನೇ ಹೋಲುತ್ತದೆ, ಜಾಗ ಅದೇ, ಕೂತವರ ತಲೆಯ ಮೇಲೆ ಆಕಾಶವೂ ಕೊಂಬೆಗಳೂ ಅವೇ. ಹುಲ್ಲುಹಾಸನ್ನು ತೆಗೆದು ಆಸನ ತುಂಬಿದ್ದರೆ ಟಿಕೆಟ್ ಹಣ ಹೆಚ್ಚುತ್ತಿತ್ತು. ಅದನ್ನು ಮಾಡಲಿಲ್ಲ, ಕಂಬಳಿ ಹಾಸಿ ಕಡಿಮೆ ದರದಲ್ಲಿ ಕೇಳುವವರ ಜಾಗ ಉಳಿಯಿತು. ಮೇಲೆ ಮುಚ್ಚಿದ ಸಭಾಂಗಣವನ್ನೇ ಕಟ್ಟಿದ್ದರೆ ಮೋಟಾರ್ ಸೈಕಲ್ ಸದ್ದು ತಪ್ಪುತ್ತಿತ್ತು, ಓಹಾಯ್‌ಗೆ ಬರುವ ಕಾರಣವೂ ತಪ್ಪುತ್ತಿತ್ತು. ಹಳೆಯ ಮರದ ವಾಸನೆಗಾಗಿ ಹಂಬಲಿಸುವವರು ಇರಬಹುದು. ಕಟ್ಟಡದ ದೃಷ್ಟಿಯಿಂದ ಅಲ್ಲಿ ಉಳಿಸಿಕೊಳ್ಳಬೇಕಾದ ಕುಸುರಿಯೇನೂ ಇರಲಿಲ್ಲ, ಕೆಡವಿದ್ದು ಸರಿಯಾದ ನಿರ್ಧಾರವೇ. ಹೊಸ ವೇದಿಕೆಯ ಮೊದಲ ಉತ್ಸವಕ್ಕೆ ಗಾಯಕಿ ಡಾನ್ ಅಪ್‌ಶಾ ಸಂಗೀತ ನಿರ್ದೇಶಕಿ. ಮರಿಯಾ ಶ್ನೈಡರ್ ಅವರ ‘ವಿಂಟರ್ ಮಾರ್ನಿಂಗ್ ವಾಕ್ಸ್’ ಆಗ ಇಲ್ಲಿ ಮೊದಲ ಬಾರಿ ಕೇಳಿಬಂತು.

2017ರಲ್ಲಿ ಸಂಗೀತ ನಿರ್ದೇಶಕರಾದವರು ತಮಿಳು ಮೂಲದ ಅಮೆರಿಕನ್ ಪಿಯಾನೊ ವಾದಕ ವಿಜಯ್ ಅಯ್ಯರ್. ಮಥುರೆಯ ಹೋಳಿಯನ್ನು ಚಿತ್ರಿಸಿದ ಪ್ರಶಾಂತ್ ಭಾರ್ಗವ ಅವರ ಚಿತ್ರಕ್ಕೆ ಅಯ್ಯರ್ ರಚಿಸಿದ ‘ರಾಧೆ ರಾಧೆ’ ಆ ವರ್ಷ ಇಲ್ಲಿ ನಡೆಯಿತು.

ಅದೇ ವರ್ಷದ ಡಿಸೆಂಬರ್ 4ರಂದು ಹತ್ತಿರದ ಸಾಂಟಾ ಪೌಲಾ ಕಡೆಯಿಂದ ಎದ್ದ ‘ಥಾಮಸ್’ ಕಾಳ್ಗಿಚ್ಚು 2,80,000 ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು. ಆವರೆಗಿನ ದಾಖಲೆಯಲ್ಲಿ ಕ್ಯಾಲಿಫೋರ್ನಿಯಾದ ಅತಿ ದೊಡ್ಡ ಬೆಂಕಿ ಅದು. ಕಣಿವೆಯ ಸುತ್ತಲಿನ ಬೆಟ್ಟಗಳೆಲ್ಲ ಹೊತ್ತಿ ಉರಿದವು. ಊರಿನ ನಡುಭಾಗ, ಉದ್ಯಾನ, ಬೌಲು ಉಳಿದವು. ಮರುವರ್ಷದ ಜೂನ್ ಉತ್ಸವ ಎಂದಿನಂತೆ ನಡೆಯಿತು. ಉತ್ಸವವನ್ನು ತಡೆದದ್ದು ಬೆಂಕಿಯಲ್ಲ, ಸೋಂಕು: ಕೊರೊನಾದಿಂದ 2020ರ ಉತ್ಸವ ರದ್ದಾಯಿತು. 2021ರದ್ದು ಜೂನ್ ಬಿಟ್ಟು ಸೆಪ್ಟೆಂಬರಿನಲ್ಲಿ, ಜಾನ್ ಆಡಮ್ಸ್ ಅವರ ನಿರ್ದೇಶನದಲ್ಲಿ ನಡೆದು, ಮರುವರ್ಷ ಮತ್ತೆ ಜೂನ್‌ಗೆ ಮರಳಿತು. ಬೇಸಿಗೆಯ ಬಿಸಿಲು, ಹೊಗೆ, ಮುಪ್ಪಾಗುತ್ತಿರುವ ಮರಗಳ ಕೊಂಬೆ, ಇವು ಇನ್ನು ಮುಂದೆ ಬಯಲ ಕಛೇರಿ ನಡೆಸುವವರು ಪ್ರತಿ ವರ್ಷ ಲೆಕ್ಕಕ್ಕೆ ಹಿಡಿಯಬೇಕಾದ ಸಂಗತಿಗಳು.

ಜಗತ್ತಿನ ಪತ್ರಿಕೆಗಳು ಬರೆಯುವುದು ಜೂನ್ ತಿಂಗಳ ಆ ನಾಲ್ಕು ದಿನಗಳ ಬಗ್ಗೆ ಮಾತ್ರ. ಅಷ್ಟೇ ಊರಿನ ಸಂಗೀತವೆಂದು ತಿಳಿದರೆ ಊರಿನವರಿಗೆ ಬೇಸರವಾದೀತು. ಬೇಸಿಗೆಯಲ್ಲಿ ಬುಧವಾರದ ಸಂಜೆಗಳಂದು ಊರವರದೇ ಬ್ಯಾಂಡು ಇದೇ ಉದ್ಯಾನದ ಚಿಕ್ಕ ಮಂಟಪದಲ್ಲಿ ಕವಾಯತಿನ ಮಟ್ಟುಗಳನ್ನೂ ಹಳೆಯ ಹಾಡುಗಳನ್ನೂ ನುಡಿಸುತ್ತದೆ. ಮಕ್ಕಳು ಮಂಟಪದ ಸುತ್ತ ಹೆಜ್ಜೆ ಹಾಕುತ್ತಾರೆ. ಅದಕ್ಕೆ ಟಿಕೆಟ್ ಇಲ್ಲ.